ಅಳತೆಗೋಲು ಊರಿನ ಕೈಗೆ: ‘ಅಸ್ತ್ರ’ದ ಐವತ್ತು ವರ್ಷ

1977ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ ಇದ್ದದ್ದು 56 ಮನೆ, 357 ಜನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ತಂಡ ಆ ಊರಿನ ಮನೆಮನೆಗೂ ಹೋಗಿ ವಿಚಾರಿಸಿತು. ಸೌದೆಗೆ ಯಾರು ಹೋಗುತ್ತಾರೆ? ಎಷ್ಟು ದೂರ? ಹೊರೆ ಎಷ್ಟು ತೂಗುತ್ತದೆ? ನೀರಿಗೆ ದಿನಕ್ಕೆ ಎಷ್ಟು ಸಲ ನಡೆಯಬೇಕು? ದೀಪಕ್ಕೆ ಎಷ್ಟು ಸೀಮೆಎಣ್ಣೆ ಬೇಕು? ದನ ಎಷ್ಟಿವೆ, ಸಗಣಿ ಎಷ್ಟು ಸಿಗುತ್ತದೆ? ಮನುಷ್ಯರ ದುಡಿಮೆ, ಎತ್ತಿನ ದುಡಿಮೆ, ಸೌದೆ, ಸೀಮೆಎಣ್ಣೆ, ಕರೆಂಟು ಎಲ್ಲವನ್ನೂ ಶಕ್ತಿಯ ಒಂದೇ ಲೆಕ್ಕಕ್ಕೆ ತಂದರು. ಆಗ ಆ ಊರಿನ ದಿನಚರಿಯೇ ಅಂಕಿಗಳಲ್ಲಿ ಮೂಡಿತು.

ಮನುಷ್ಯರ ಮತ್ತು ದನಗಳ ದುಡಿಮೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಊರು ಬಳಸುತ್ತಿದ್ದ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಸೌದೆಯಿಂದ ಬರುತ್ತಿತ್ತು. ಒಂದು ಸಂಸಾರ ದಿನಕ್ಕೆ ಹತ್ತು ಕಿಲೋದಷ್ಟು ಸೌದೆ ಒಟ್ಟುಮಾಡಲು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಕಳೆಯುತ್ತಿತ್ತು, ಐದು ಕಿಲೋಮೀಟರಿನ ಹತ್ತಿರ ನಡೆಯುತ್ತಿತ್ತು. ಊರಿನ ಒಟ್ಟು ಮಾನವ ದುಡಿಮೆಯಲ್ಲಿ ಗಂಡಸರ ಪಾಲು ಶೇ 31, ಹೆಂಗಸರದು ಶೇ 53, ಮಕ್ಕಳದು ಶೇ 16. ಸೌದೆಯ ಹೊರೆ ಹೊತ್ತು ಹೊತ್ತು ನೆತ್ತಿ ಜಡ್ಡುಗಟ್ಟಿದ ತಾಯಂದಿರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅವರ ದುಡಿಮೆ ಅದುವರೆಗೆ ಯಾವ ಸರ್ಕಾರಿ ಕಡತದಲ್ಲೂ ‘ಶಕ್ತಿ’ ಎಂಬ ಹೆಸರು ಪಡೆದಿರಲಿಲ್ಲ. ನಾಡಿನ ಶಕ್ತಿ ಎಂದರೆ ಜಲಾಶಯ, ಕಲ್ಲಿದ್ದಲು, ತಂತಿ, ಕಂಬ ಎಂದಷ್ಟೇ ಲೆಕ್ಕ ಹಾಕುತ್ತಿದ್ದ ಕಾಲ ಅದು.

ಈ ಎಣಿಕೆ ನಡೆಸಿದವರು ‘ಅಸ್ತ್ರ’ದವರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ 1974ರಲ್ಲಿ ಸಂಸ್ಥೆಯೊಳಗೆ ಹುಟ್ಟಿದ ಕೂಟ ಅದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಅಸ್ತ್ರ’ ಆಯಿತು. ಮುಂದೆ ಅದೇ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಬೆಳೆಯಿತು. ಆ ಹೆಜ್ಜೆಗೆ 2024ರಲ್ಲಿ ಐವತ್ತು ವರ್ಷ ತುಂಬಿತು; ಒಲೆಯ ಬುಡದಿಂದ ಹೊರಟು ನಗರದ ಕೆರೆಯಂಗಳದವರೆಗೆ ಬಂದ ಈ ದಾರಿಯನ್ನು ಹಿಂತಿರುಗಿ ನೋಡುವುದು ಈ ಲೇಖನದ ಉದ್ದೇಶ.

ಟಾಟಾ ಇನ್‌ಸ್ಟಿಟ್ಯೂಟಿನ ಕಾಂಪೌಂಡು ದಾಟಿ

ಬೆಂಗಳೂರಿನವರ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿಯೇ ಉಳಿದಿರುವ ಈ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಜಮಶೇಟ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ ನೆಲ ಕೊಟ್ಟಿತು. ಅದೇ ಸಂಸ್ಥಾನ 1902ರಲ್ಲೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕರೆಂಟು ದೀಪ ಹೊತ್ತಿಸಿತ್ತು. ಅದಾಗಿ ಏಳು ದಶಕ ಕಳೆದರೂ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಸಂಜೆಯಾದರೆ ಬುಡ್ಡಿ ದೀಪವೇ ಗತಿ. ಕಂಬ ನೆಟ್ಟಿದ್ದ ಊರುಗಳಲ್ಲೂ ತಂತಿ ಬಡವರ ಮನೆಯ ಮುಂದಿನಿಂದ ಹಾದುಹೋಗುತ್ತಿತ್ತೇ ಹೊರತು ಒಳಗೆ ಬರುತ್ತಿರಲಿಲ್ಲ.

ಈ ಅಂತರ ಕಾಡಿದವರಲ್ಲಿ ಮುಖ್ಯರಾದವರು ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಗುರುತಿಸಿದ ವಿದ್ವಾಂಸರು. ಜಾನ್ ಬೋಕ್ರಿಸ್ ಅವರ ಜೊತೆ ಬರೆದ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ 1970ರಲ್ಲಿ ಹೊರಬಂದು ಆ ವಿಷಯದ ಹೆಸರಾಂತ ಪಠ್ಯವಾಯಿತು. ಆ ದಾರಿಯಲ್ಲೇ ಮುಂದುವರಿದಿದ್ದರೆ ಗೌರವಕ್ಕೆ ಕೊರತೆ ಇರಲಿಲ್ಲ. ಅವರು ಅಲ್ಲಿಂದ ಹೊರಳಿ, ತಾವು ಕಲಿತ ವಿಜ್ಞಾನ ನಾಡಿನ ಬಡವರ ಬದುಕಿಗೆ ಏನು ಮಾಡಿದೆ ಎಂಬ ಪ್ರಶ್ನೆಯನ್ನು ತಮ್ಮ ಮುಂದಿನ ಸಂಶೋಧನೆಯಾಗಿ ಎತ್ತಿಕೊಂಡರು. ಬೇರೆ ಬೇರೆ ವಿಭಾಗಗಳ ಅಧ್ಯಾಪಕರು ಅವರ ಜೊತೆ ಸೇರಿದರು. ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಸತೀಶ್ ಧವನ್ ಬೆನ್ನಿಗೆ ನಿಂತರು. ಆಗ ಇಸ್ರೋದ ಹೊಣೆಯೂ ಧವನ್ ಅವರದೇ. ರಾಕೆಟ್ಟಿನ ಕನಸು ಕಾಣುತ್ತಿದ್ದ ಅದೇ ಮನಸ್ಸು ಅಡುಗೆ ಒಲೆಯ ಸಂಶೋಧನೆಗೂ ಜಾಗ ಮಾಡಿಕೊಟ್ಟಿತು ಎಂಬುದು ಈ ಸಂಸ್ಥೆ ಹೆಮ್ಮೆಯಿಂದ ನೆನೆಯಬೇಕಾದ ಮಾತು. ‘ಅಸ್ತ್ರ’ ಹುಟ್ಟಿದ ಮರುವರ್ಷ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ ಇದೇ ಆವರಣದಲ್ಲಿ ಆರಂಭವಾಗಿ, ಪ್ರಯೋಗಾಲಯಕ್ಕೂ ಸರ್ಕಾರಕ್ಕೂ ನಡುವೆ ಸೇತುವೆಯಾಯಿತು.

ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ‘ಅಸ್ತ್ರ’ ತನ್ನ ವಿಸ್ತರಣಾ ಕೇಂದ್ರ ತೆರೆಯಿತು. ಸುತ್ತಲಿನ ಆರು ಹಳ್ಳಿಗಳ ಶಕ್ತಿ ಬಳಕೆಯ ಸಮೀಕ್ಷೆ ಅಲ್ಲಿಂದಲೇ ನಡೆಯಿತು. ಪುರ ಅವುಗಳಲ್ಲಿ ಒಂದು. ಬೆಂಗಳೂರಿನಲ್ಲಿ ಕೂತು ಹಳ್ಳಿಗೆ ಏನು ಬೇಕೆಂದು ಊಹಿಸುವ ಬದಲು ಊರಲ್ಲೇ ಇದ್ದು ನೋಡಬೇಕು, ನೋಡಿದ್ದನ್ನು ಅಳೆಯಬೇಕು, ಅಳೆದ ಮೇಲೆ ಮಾತಾಡಬೇಕು. ತಂತ್ರಜ್ಞಾನ ಅಗತ್ಯಕ್ಕೆ ತಕ್ಕದ್ದಾಗಿರಬೇಕು, ಜನರ ಸ್ವಾವಲಂಬನೆಯನ್ನು ಬೆಳೆಸಬೇಕು, ಪರಿಸರವನ್ನು ಕೆಡಿಸಬಾರದು. ಕೇಂದ್ರದ ಮುಂದಿನ ಕೆಲಸವೆಲ್ಲ ಈ ನಂಬಿಕೆಯ ಮೇಲೆ ನಿಂತಿತು.

ಮೂರು ಪಾತ್ರೆಯ ಒಲೆ

ಸಮೀಕ್ಷೆ ಬೆರಳು ತೋರಿಸಿದ್ದು ಅಡುಗೆಮನೆಯ ಕಡೆಗೆ. ಹಳೆಯ ಮಣ್ಣಿನ ಒಲೆಯಲ್ಲಿ ಉರಿದ ಸೌದೆಯ ಶಾಖದಲ್ಲಿ ಪಾತ್ರೆಗೆ ತಲುಪುತ್ತಿದ್ದದ್ದು ಅಲ್ಪ ಪಾಲು. ಉಳಿದದ್ದು ಒಲೆಬಾಯಿಂದ, ಪಾತ್ರೆಯ ಪಕ್ಕದ ಸಂದಿನಿಂದ ಹೊರಗೆ ಹೋಗುತ್ತಿತ್ತು. ಅರೆಬರೆ ಉರಿದ ಸೌದೆಯ ಹೊಗೆ ಗೋಡೆಗೆ ಮಸಿಯಾಗಿ ಮೆತ್ತುತ್ತಿತ್ತು, ಅಡುಗೆ ಮಾಡುವವರ ಕಣ್ಣಿಗೂ ಎದೆಗೂ ಇಳಿಯುತ್ತಿತ್ತು.

ಎಸ್. ಎಸ್. ಲೋಕ್ರಸ್, ಡಿ. ಎಸ್. ಸುಧಾಕರ ಬಾಬು, ಕೆ. ಎಸ್. ಜಗದೀಶ್ ಮೊದಲಾದವರು ಈ ಒಲೆಯನ್ನು ಒಂದು ಯಂತ್ರವೆಂದೇ ತಿಳಿದು ಅಭ್ಯಾಸ ಮಾಡಿದರು. ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಷ್ಟು ಬರಬೇಕು. ಬೆಂಕಿಗೂ ಪಾತ್ರೆಯ ತಳಕ್ಕೂ ನಡುವೆ ಎಷ್ಟು ಅಂತರವಿರಬೇಕು. ಬಿಸಿ ಹೊಗೆ ಹೊರಗೆ ಹೋಗುವ ಮೊದಲು ಎಷ್ಟು ಪಾತ್ರೆಗಳನ್ನು ಮುಟ್ಟಬೇಕು. 1980ರ ದಶಕದ ಆರಂಭದ ಹೊತ್ತಿಗೆ ‘ಅಸ್ತ್ರ ಒಲೆ’ ರೂಪುಗೊಂಡಿತು. ಸೌದೆ ಹಾಕುವ ಬಾಯಿಗೆ ಬಾಗಿಲು, ಬೂದಿ ಉದುರಲು ಮತ್ತು ಕೆಳಗಿನಿಂದ ಗಾಳಿ ಬರಲು ಕಬ್ಬಿಣದ ಜಾಲರಿ, ಒಂದರ ಹಿಂದೆ ಒಂದರಂತೆ ಮೂರು ಪಾತ್ರೆಗೆ ಜಾಗ, ಕೊನೆಯಲ್ಲಿ ಚಾವಣಿ ದಾಟುವ ಹೊಗೆಕೊಳವೆ. ಮುಂದಿನ ಪಾತ್ರೆಯಲ್ಲಿ ಮುದ್ದೆಗೆ ಎಸರು ಕುದಿಯುವಾಗ ಎರಡನೆಯದರಲ್ಲಿ ಸಾರು ಕಾಯುತ್ತದೆ, ಮೂರನೆಯದರಲ್ಲಿ ನೀರು ಬಿಸಿಯಾಗುತ್ತದೆ. ಪಾತ್ರೆಗಳು ಒಲೆಯ ಕಣ್ಣಿನೊಳಗೆ ಇಳಿದು ಕೂರುವುದರಿಂದ ಉರಿ ತಳಕ್ಕೂ ಪಕ್ಕಕ್ಕೂ ತಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಇದರ ದಕ್ಷತೆ ಶೇ 40ನ್ನು ದಾಟಿತು.

ಆದರೆ ಒಲೆ ಪೇಟೆಯಲ್ಲಿ ಕೊಂಡು ತರುವ ವಸ್ತುವಲ್ಲ. ಮನೆಯಲ್ಲೇ ಕೂತು ಕಟ್ಟಬೇಕಾದದ್ದು. ಜಾಲರಿಯ ಎತ್ತರ ಸ್ವಲ್ಪ ತಪ್ಪಿದರೆ, ಪಾತ್ರೆಯ ಕಣ್ಣು ಒಂದು ಬೆರಳು ದೊಡ್ಡದಾದರೆ, ಪ್ರಯೋಗಾಲಯದ ದಕ್ಷತೆ ಅಡುಗೆಮನೆಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಒಲೆ ಕಟ್ಟುವವರಿಗೆ ತರಬೇತಿ ಕೊಡುವುದೇ ನಿಜವಾದ ಕೆಲಸವಾಯಿತು. ರಾಜ್ಯ ಮಂಡಳಿಯ ಮೂಲಕ ಜಿಲ್ಲೆಜಿಲ್ಲೆಗಳಲ್ಲಿ ಕಟ್ಟುಗಾರರು ತಯಾರಾದರು. ಲಕ್ಷಾಂತರ ಮನೆಗಳಲ್ಲಿ ಒಲೆ ಎದ್ದಿತು. ‘ಅಸ್ತ್ರ’ ಎಂಬ ಹೆಸರಿನ ಅರ್ಥ ಗೊತ್ತಿಲ್ಲದವರ ಬಾಯಲ್ಲೂ ‘ಅಸ್ತ್ರ ಒಲೆ’ ಅಡುಗೆಮನೆಯ ಮಾತಾಯಿತು. ಅಳತೆ ವಿಜ್ಞಾನಿಯ ಟಿಪ್ಪಣಿ ಪುಸ್ತಕದಿಂದ ಗಾರೆ ಕೆಲಸದವನ ಕೈಬೆರಳಿಗೆ ಇಳಿದ ಮೊದಲ ಪ್ರಸಂಗ ಇದು. ಬೆಲ್ಲದ ಆಲೆಮನೆ, ರೇಷ್ಮೆ ನೂಲು ಬಿಚ್ಚುವ ಕಡೆಗಳಿಗೂ ಈ ಉರಿಯ ಅಭ್ಯಾಸ ಮುಂದೆ ಹಬ್ಬಿತು.

ಊರು ಹೇಳಿದ್ದು ನೀರು

ಪುರದ ಗೋಬರ್ ಗ್ಯಾಸ್ ಸ್ಥಾವರದ ಕತೆಯಲ್ಲಿ ಈ ಕೇಂದ್ರ ಕಲಿತ ಅತಿ ದೊಡ್ಡ ಪಾಠವಿದೆ. ಊರಿನ ದನಗಳ ಸಗಣಿಯನ್ನು ಒಂದೆಡೆ ಸೇರಿಸಿ, ಅದರ ಅನಿಲವನ್ನು ಮನೆಮನೆಗೆ ಅಡುಗೆಗೆ ಕೊಡುವುದು ಮೊದಲ ಯೋಜನೆ. ಅದಕ್ಕಾಗಿ ಸಮುದಾಯದ ಸ್ಥಾವರ ಕಟ್ಟಿದರು. ಸಿಕ್ಕ ಅನಿಲ ಇಡೀ ಊರಿನ ಅಡುಗೆಗೆ ಸಾಲಲಿಲ್ಲ. ಯೋಜನೆ ಅಲ್ಲಿಗೆ ನಿಲ್ಲಬಹುದಿತ್ತು. ತಂಡ ಮತ್ತೆ ಊರಿನ ಮುಂದೆ ಕೂತು, ನಿಮಗೆ ಮೊದಲು ಬೇಕಾದದ್ದೇನು ಎಂದು ಕೇಳಿತು. ಊರು ಹೇಳಿದ್ದು ಕುಡಿಯುವ ನೀರು.

ಅನಿಲದ ದಾರಿ ಬದಲಾಯಿತು. ಅದನ್ನು ಸ್ವಲ್ಪ ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು, ಐದು ಕಿಲೋವಾಟಿನಷ್ಟು ಕರೆಂಟು ತೆಗೆದು, ಕೊಳವೆ ಬಾವಿಯ ಪಂಪು ನಡೆಸಿದರು. 1987ರಿಂದ ನಲ್ಲಿಯಲ್ಲಿ ನೀರು ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಹೊತ್ತಿತು. ಬೆಳಗಿನ ಹೊತ್ತು ಸ್ಥಾವರದ ಬಳಿ ನಡೆಯುತ್ತಿದ್ದ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು. ಹೆಂಗಸರು, ಮಕ್ಕಳು ಸಗಣಿಯ ಬುಟ್ಟಿ ಹೊತ್ತು ತರುತ್ತಾರೆ. ತಕ್ಕಡಿಯಲ್ಲಿ ತೂಕ ಆಗುತ್ತದೆ, ಮನೆಯ ಹೆಸರಿನಲ್ಲಿ ಲೆಕ್ಕ ಬರೆಯುತ್ತಾರೆ, ಕಿಲೋಗೆ ಎರಡು ಪೈಸೆ ಸಲ್ಲುತ್ತದೆ. ಅನಿಲ ಬಿಟ್ಟುಕೊಟ್ಟ ಮೇಲೆ ಉಳಿದ ಬಗ್ಗಡದ ನೀರನ್ನು ಮರಳಿನ ಹಾಸಿನ ಮೇಲೆ ಬಸಿದು, ಗೊಬ್ಬರವನ್ನು ಸಗಣಿ ತಂದವರಿಗೇ ಹಿಂದಿರುಗಿಸುತ್ತಾರೆ. ಹೊಲಕ್ಕೆ ಹೋಗಬೇಕಾದ ಗೊಬ್ಬರ ಹೊಲಕ್ಕೇ ಹೋಯಿತು. ನಡುವೆ ಅದು ಊರಿಗೆ ನೀರೂ ಬೆಳಕೂ ಕೊಟ್ಟಿತು. ಯಂತ್ರ ನಡೆಸಿದವರು ಅದೇ ಊರಿನ ಹುಡುಗರು, ಉಸ್ತುವಾರಿ ಹೊತ್ತದ್ದು ಊರಿನ ಗ್ರಾಮ ವಿಕಾಸ ಸಭೆ.

ಎಲ್ಲರಿಗೂ ಸೇರಿದ್ದು ಯಾರಿಗೂ ಬೇಡವಾಗಿ ಹಾಳಾಗುತ್ತದೆ ಎಂಬ ವಾದ ವಿದ್ವತ್ ಲೋಕದಲ್ಲಿ ಪ್ರಬಲವಾಗಿದ್ದ ಕಾಲದಲ್ಲಿ, ಪುರದ ಅನುಭವವನ್ನೇ ಆಧಾರವಾಗಿಟ್ಟು ರೆಡ್ಡಿಯವರು ಅದಕ್ಕೆ ಉತ್ತರ ಬರೆದರು. ಒಬ್ಬೊಬ್ಬರ ಸ್ವಂತ ಹಿತ ಊರಿನ ಹಿತದ ಜೊತೆ ಕೂಡಿಬರುವಂತೆ ವ್ಯವಸ್ಥೆ ಕಟ್ಟಿದರೆ ಸಾಮೂಹಿಕ ಸೊತ್ತು ವರವಾಗುತ್ತದೆ ಎಂಬುದು ಅವರ ನಿಲುವು. ಸಗಣಿ ತಾರದಿದ್ದರೆ ನೀರಿಲ್ಲ ಎಂಬುದು ಊರಿಗೆ ಉಪದೇಶವಿಲ್ಲದೆಯೇ ತಿಳಿದಿತ್ತು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇನ್ನೊಂದು ಪ್ರಯೋಗ. ರಾಕೆಟ್ಟಿನ ದಹನ ವಿಜ್ಞಾನದಲ್ಲಿ ಪಳಗಿದ ಎಚ್. ಎಸ್. ಮುಕುಂದ ಹಾಗೂ ಅವರ ಸಹೋದ್ಯೋಗಿಗಳು ಕಟ್ಟಿಗೆಯ ಚೂರುಗಳಿಂದ ಉರಿಯುವ ಅನಿಲ ತೆಗೆಯುವ ಗ್ಯಾಸಿಫೈಯರನ್ನು ರೂಪಿಸಿದ್ದರು. ಕಟ್ಟಿಗೆಗೆ ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಕೊಡದೆ, ಮಿತವಾಗಿ ಕೊಟ್ಟು ಅನಿಲವಾಗಿಸುವ ವಿದ್ಯೆ ಅದು. ಅನಿಲದಲ್ಲಿ ಡಾಂಬರಿನಂಥ ಅಂಟು ಉಳಿದರೆ ಎಂಜಿನ್ ಕೆಡುತ್ತದೆ. ಅದನ್ನು ಗ್ಯಾಸಿಫೈಯರಿನೊಳಗೇ ಸುಟ್ಟು ತೆಗೆಯುವುದರಲ್ಲಿ ಈ ವಿನ್ಯಾಸದ ಹೆಚ್ಚುಗಾರಿಕೆ ಇತ್ತು. 1988ರಲ್ಲಿ, ಕರೆಂಟೇ ಕಾಣದ ಹೊಸಹಳ್ಳಿಯ ಮನೆಗಳಲ್ಲಿ ಇದರಿಂದ ದೀಪ ಹೊತ್ತಿತು. ಬರುಬರುತ್ತ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ, ನೀರಾವರಿಯೂ ಸೇರಿಕೊಂಡವು. ಕಟ್ಟಿಗೆಗಾಗಿ ಊರಿನ ಪಕ್ಕದಲ್ಲೇ ನೆಡುತೋಪು ಬೆಳೆಸಿದರು. ಎನ್. ಎಚ್. ರವೀಂದ್ರನಾಥ್, ಎಸ್. ದಾಸಪ್ಪ ಮೊದಲಾದವರು ವರ್ಷಗಟ್ಟಲೆ ಇದರ ದಾಖಲೆ ಇಟ್ಟರು.

ಮಣ್ಣಿನ ಗೋಡೆ, ಶಕ್ತಿಯ ಲೆಕ್ಕ

ಒಲೆಯಲ್ಲಿ ಉರಿಯುವ ಸೌದೆಯ ಜೊತೆಗೆ ಇಟ್ಟಿಗೆ ಗೂಡಿನಲ್ಲಿ ಉರಿಯುವ ಸೌದೆಯನ್ನೂ ಎಣಿಸಬೇಕಾಯಿತು. ಮನೆಯೊಂದು ಎದ್ದು ನಿಲ್ಲುವ ಮೊದಲೇ ಅದರ ಇಟ್ಟಿಗೆ, ಸಿಮೆಂಟು, ಕಬ್ಬಿಣದಲ್ಲಿ ಎಷ್ಟು ಶಕ್ತಿ ವ್ಯಯವಾಗಿರುತ್ತದೆ ಎಂಬುದನ್ನು ಕೆ. ಎಸ್. ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿ ದೀರ್ಘಕಾಲ ಅಭ್ಯಾಸ ಮಾಡಿದರು. ಅವರು ಜನಪ್ರಿಯಗೊಳಿಸಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಗೆ ಗೂಡಿನ ಬೆಂಕಿ ಬೇಡ. ಜರಡಿ ಹಿಡಿದ ಕೆಂಪು ಮಣ್ಣಿಗೆ ಮರಳು ಬೆರೆಸಿ, ನೂರಕ್ಕೆ ಆರೇಳು ಪಾಲು ಸಿಮೆಂಟು ಸೇರಿಸಿ, ಹದವಾಗಿ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು, ಅಷ್ಟೇ ಹದ. ಆ ಮಿಶ್ರಣವನ್ನು ತೂಗಿ ಅಚ್ಚಿಗೆ ಸುರಿದು, ಯಂತ್ರದ ಉದ್ದ ಹಿಡಿಯನ್ನು ಜಗ್ಗಿ ಒತ್ತಿದರೆ ಚೌಕಟ್ಟಾದ, ನುಣುಪಾದ ಇಟ್ಟಿಗೆ ಮೇಲೆ ಬರುತ್ತದೆ. ನೆರಳಲ್ಲಿ ಜೋಡಿಸಿ, ಗೋಣಿತಾಟು ಹೊದಿಸಿ, ವಾರಗಟ್ಟಲೆ ನೀರುಣಿಸಿ ಗಟ್ಟಿಮಾಡಬೇಕು. ಸೈಟಿನಲ್ಲೇ ಸಿಗುವ ಮಣ್ಣಾದರೆ ಲಾರಿಯ ಬಾಡಿಗೆಯೂ ಉಳಿಯುತ್ತದೆ.

ಇವರಿಬ್ಬರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಥ ಇಟ್ಟಿಗೆಗೆ ಸುಟ್ಟ ಇಟ್ಟಿಗೆಯ ನಾಲ್ಕರಲ್ಲೊಂದು ಪಾಲಿನಷ್ಟೇ ಶಕ್ತಿ ಸಾಕು. ಪರ್ಯಾಯ ಸಾಮಗ್ರಿಗಳನ್ನು ಬಳಸಿದರೆ ಗೋಡೆಯೇ ಭಾರ ಹೊರುವ ಕಟ್ಟಡಗಳಲ್ಲಿ ಅಡಗಿದ ಶಕ್ತಿಯನ್ನು ಅರ್ಧದಷ್ಟು ತಗ್ಗಿಸಬಹುದು. ಹಳ್ಳಿಯ ಬಡವರ ಮನೆಗೆಂದು ಶುರುವಾದ ಈ ಕೆಲಸ ಬೆಂಗಳೂರಿನ ಬಡಾವಣೆಗಳಿಗೂ ಬಂತು. ಗಿಲಾವು ಇಲ್ಲದ, ಮಣ್ಣಿನ ಬಣ್ಣವನ್ನೇ ತೋರುವ ಗೋಡೆಗಳ ಮನೆಗಳು ಇಂದು ನಗರದಲ್ಲಿ ಅಪರೂಪವಲ್ಲ. ಕಟ್ಟಡದ ಒಳಗಿನ ಸೆಕೆ, ತಂಪು, ಬೆಳಕನ್ನು ಅಳೆಯುವ, ಸೌರಫಲಕವನ್ನೇ ಚಾವಣಿಯಾಗಿಸಿ ಅದರ ಕೆಳಗೆ ಬದುಕುವವರ ಹಿತವನ್ನೂ ಪರೀಕ್ಷಿಸುವ ಅಧ್ಯಯನಗಳು ಮಾಂಟೊ ಮಣಿ ಮೊದಲಾದವರಿಂದ ಮುಂದುವರಿದಿವೆ.

ಎಷ್ಟು ಬೇಕು ಎಂಬುದಕ್ಕಿಂತ ಮುಂಚೆ, ಯಾತಕ್ಕೆ ಬೇಕು

ಒಲೆಯ ಮುಂದೆ ಕೇಳಿದ ಪ್ರಶ್ನೆಯನ್ನು ರೆಡ್ಡಿಯವರು ಇಡೀ ರಾಜ್ಯದ ವಿದ್ಯುತ್ತಿಗೂ ಕೇಳಿದರು. ಜನರಿಗೆ ಬೇಕಾಗಿರುವುದು ಕಿಲೋವಾಟುಗಳಲ್ಲ. ಬೆಂದ ಅನ್ನ, ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಆ ಸೇವೆಯನ್ನು ಅತಿ ಕಡಿಮೆ ಶಕ್ತಿಯಲ್ಲಿ ಒದಗಿಸುವುದು ಹೇಗೆ ಎಂದು ಮೊದಲು ನೋಡಿ, ಆಮೇಲೆ ಉತ್ಪಾದನೆಯ ಯೋಜನೆ ಮಾಡಬೇಕು. 1987ರಲ್ಲಿ ಸರ್ಕಾರದ ಸಮಿತಿಯೊಂದು, 2000ನೇ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವಾಟ್ ಸಾಮರ್ಥ್ಯ ಬೇಕಾಗುತ್ತದೆ ಎಂದು ಅಂದಾಜಿಸಿತು. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಒಂದೊಂದು ಬಳಕೆಯನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿದರು. ಬುರುಡೆ ಬಲ್ಬಿನ ಬದಲು ಮಿತವ್ಯಯದ ದೀಪ, ಸ್ನಾನದ ನೀರಿಗೆ ಬಿಸಿಲು, ರೈತರ ಪಂಪ್‌ಸೆಟ್ಟಿಗೆ ಒಳ್ಳೆಯ ಫುಟ್‌ವಾಲ್ವ್ ಮತ್ತು ಪೈಪು, ಕರೆಂಟು ಕಾಣದ ಮನೆಗಳಿಗೆ ಸಂಪರ್ಕ. ಇಷ್ಟನ್ನೂ ಸೇರಿಸಿಕೊಂಡ ಮೇಲೂ ಸುಮಾರು 4,000 ಮೆಗಾವಾಟ್ ಸಾಕಾಗುತ್ತದೆ ಎಂದು ಅವರ ‘ಡಿಫೆಂಡಸ್’ ಮಾದರಿ ತೋರಿಸಿತು. ಬಡವರ ಮನೆಗೆ ದೀಪ ಕೊಡಲು ಕಾಡು ಮುಳುಗಿಸಲೇಬೇಕು ಎಂಬ ವಾದವನ್ನು ಲೆಕ್ಕದ ಮೂಲಕವೇ ಎದುರಿಸಿದ ಧೈರ್ಯ ಅದು.

ಬ್ರೆಜಿಲಿನ ಜೋಸ್ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೊಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರೊಂದಿಗೆ ರೆಡ್ಡಿ ಬರೆದ ‘ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್’ ಈ ಚಿಂತನೆಯನ್ನು ಜಗತ್ತಿನ ಮುಂದಿಟ್ಟಿತು. ನಾಲ್ವರಿಗೂ 2000ರಲ್ಲಿ ವೋಲ್ವೊ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ರೆಡ್ಡಿ ತೀರಿಕೊಂಡರು. ಇಂದು ಬೆಂಗಳೂರಿನ ಯಾವ ಬಡಾವಣೆಯಲ್ಲಿ ತಲೆಯೆತ್ತಿ ನೋಡಿದರೂ ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರುಗಳ ಸಾಲು ಕಾಣುತ್ತದೆ. ಬೆಳಗಿನ ಸ್ನಾನದ ಹೊತ್ತಿಗೆ ಇಡೀ ಊರು ಒಮ್ಮೆಲೇ ಗೀಸರು ಹಾಕಿದರೆ ಗ್ರಿಡ್ಡಿಗೆ ಬೀಳುವ ಭಾರವನ್ನು ಆ ಸಾಲುಗಳು ದಿನವೂ ಸದ್ದಿಲ್ಲದೆ ಹಗುರ ಮಾಡುತ್ತಿವೆ.

ನಗರದ ಕೆರೆಯಂಗಳದಲ್ಲಿ

ಕೇಂದ್ರ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಅದೇ ವರ್ಷಗಳಲ್ಲಿ, ಸಂಸ್ಥೆಯ ಕಾಂಪೌಂಡಿನ ಹೊರಗೆ ಬೆಂಗಳೂರು ಗುರುತು ಸಿಗದಷ್ಟು ಬೆಳೆಯಿತು. ಅದೇ ಸಂಸ್ಥೆಯೊಳಗೆ ಮಾಧವ ಗಾಡ್ಗೀಳ್ 1983ರಲ್ಲಿ ಕಟ್ಟಿದ ಪರಿಸರ ವಿಜ್ಞಾನಗಳ ಕೇಂದ್ರದಲ್ಲಿ ಟಿ. ವಿ. ರಾಮಚಂದ್ರ ಅವರ ತಂಡ ಈ ಬೆಳವಣಿಗೆಯನ್ನು ಉಪಗ್ರಹ ಚಿತ್ರಗಳಲ್ಲಿ ಅಳೆಯಿತು. ಅವರ ಲೆಕ್ಕದಂತೆ 1973ರಲ್ಲಿ ನಗರ ಪ್ರದೇಶದ ಶೇ 8ರಷ್ಟು ನೆಲ ಮಾತ್ರ ಕಟ್ಟಡ, ರಸ್ತೆಗಳಿಂದ ಮುಚ್ಚಿತ್ತು. ಶೇ 68ರಷ್ಟು ಹಸಿರಿತ್ತು. ನಾಲ್ಕು ದಶಕ ಕಳೆಯುವಷ್ಟರಲ್ಲಿ ಈ ಚಿತ್ರ ತಲೆಕೆಳಗಾಯಿತು.

ಇದರ ಪರಿಣಾಮ ಅರಿಯಲು ಬೆಂಗಳೂರಿನ ನೆಲ ತಿಳಿದಿರಬೇಕು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ, ತುಂಬಿ ಹರಿಯುವ ನದಿಯಿಲ್ಲದ ಊರು ಇದು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಹಿರಿಯರು ಕೆರೆಗಳನ್ನು ಸರಮಾಲೆಯಂತೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ತುಂಬುತ್ತಿತ್ತು. ಈಗ ಕಾವೇರಿ ನೀರನ್ನು ನೂರು ಕಿಲೋಮೀಟರಿನಷ್ಟು ದೂರದಿಂದ ತಂದು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಬೇಕು. ನಮ್ಮ ನಲ್ಲಿಯಲ್ಲಿ ಬೀಳುವ ಒಂದು ಕೊಡ ನೀರು ಎಂದರೆ ಅಷ್ಟು ಕರೆಂಟು ಕೂಡ ಹೌದು. ನೀರು, ಶಕ್ತಿ, ನೆಲ ಮೂರೂ ಒಂದೇ ಲೆಕ್ಕ ಎಂದು ಪುರ ಕಲಿಸಿದ್ದ ಪಾಠ ನಗರದಲ್ಲೂ ಅಷ್ಟೇ ನಿಜವಾಯಿತು.

ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಬಂದದ್ದನ್ನು, ನೀರ ಮೇಲೆ ಬೆಂಕಿ ಕಾಣಿಸಿಕೊಂಡದ್ದನ್ನು ನಾಡೆಲ್ಲ ನೋಡಿತು. ಸುಸ್ಥಿರ ತಂತ್ರಜ್ಞಾನಗಳ ಕೇಂದ್ರದ ಎಚ್. ಎನ್. ಚಾಣಕ್ಯ ಮತ್ತು ಅವರ ವಿದ್ಯಾರ್ಥಿಗಳು ಆ ನೊರೆಯ ಮೂಲ ಹುಡುಕಿದರು. ಮನೆಮನೆಯಲ್ಲಿ ಬಟ್ಟೆ ಒಗೆದ ಸಾಬೂನಿನ ಪುಡಿಯ ಅಂಶ ಕೊಳಚೆಯ ಜೊತೆ ಬಂದು ಕೆರೆಯ ತಳದ ಕೆಸರಿನಲ್ಲಿ ಸೇರುತ್ತದೆ. ಜೋರು ಮಳೆ ಅದನ್ನು ಕದಡಿ, ನೀರು ಕೋಡಿಯಿಂದ ಧುಮುಕುವಾಗ ನೊರೆ ಏಳುತ್ತದೆ. ಜಕ್ಕೂರು ಕೆರೆ ಇನ್ನೊಂದು ಪಾಠ ಹೇಳಿತು. ಅಲ್ಲಿ, ಅಧ್ಯಯನದ ಹೊತ್ತಿಗೆ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯವಿದ್ದ ಶುದ್ಧೀಕರಣ ಘಟಕದಿಂದ ಬಂದ ನೀರು, ಜೊಂಡು ಬೆಳೆದ ಜೌಗು ಮತ್ತು ಪಾಚಿಯ ಹೊಂಡ ದಾಟಿ ಕೆರೆಗೆ ಇಳಿಯುತ್ತದೆ. ಘಟಕ ತೆಗೆಯದೆ ಬಿಟ್ಟ ಸಾರಜನಕ, ರಂಜಕವನ್ನು ಜೊಂಡಿನ ಬೇರು, ಪಾಚಿ ಹೀರಿಕೊಳ್ಳುತ್ತವೆ. ರಾಮಚಂದ್ರ ಅವರ ತಂಡ ಈ ಹಾದಿಯ ಹೆಜ್ಜೆಹೆಜ್ಜೆಗೂ ನೀರಿನ ಮಾದರಿ ತೆಗೆದು ಅಳೆದು, ಯಂತ್ರ ಮತ್ತು ಜೌಗು ಎರಡೂ ಕೂಡಿದರೆ ಕೆರೆ ಉಳಿಯುತ್ತದೆ ಎಂದು ತೋರಿಸಿತು.

ಹಸಿಕಸದಿಂದ, ಉದುರಿದ ಎಲೆಯಿಂದ ಅನಿಲ ತೆಗೆಯುವುದರಲ್ಲೂ ಚಾಣಕ್ಯ ಅವರ ತಂಡ ಬಹುಕಾಲ ಶ್ರಮಿಸಿತು. ಸಗಣಿಯ ಗುಂಡಿಗೆ ಎಲೆ ಹಾಕಿದರೆ ಅದು ತೇಲಿ ಮೇಲೆ ಕೆನೆಗಟ್ಟುತ್ತದೆ, ಅನಿಲ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಬೇರೆಯದೇ ಬಗೆಯ ತೊಟ್ಟಿಗಳನ್ನು ರೂಪಿಸಬೇಕಾಯಿತು. ಮಳೆಯ ಕಡೆಯೂ ಸಂಸ್ಥೆ ಕಣ್ಣಿಟ್ಟಿತು. ಪಿ. ಪಿ. ಮುಜುಂದಾರ್ ಅವರ ನೇತೃತ್ವದಲ್ಲಿ ನಗರ ಪ್ರವಾಹದ ಮುನ್ಸೂಚನೆಯ ಮಾದರಿ ಸಿದ್ಧವಾಯಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜೊತೆಗೂಡಿ ‘ಬೆಂಗಳೂರು ಮೇಘ ಸಂದೇಶ’ ಎಂಬ ಆ್ಯಪ್ ಮೂಲಕ ಅದು ಜನರ ಮೊಬೈಲಿಗೆ ಬಂತು. 2009ರಲ್ಲಿ ಆರಂಭವಾದ ಹವಾಮಾನ ಬದಲಾವಣೆಯ ದಿವೇಚಾ ಕೇಂದ್ರವೂ, ನಗರ ಸಾರಿಗೆ ಮತ್ತು ಯೋಜನೆಯ ಕೇಂದ್ರವೂ ಈ ಹೊಣೆಗೆ ಹೆಗಲು ಕೊಟ್ಟವು.

ಉಳಿದದ್ದು ಮತ್ತು ನಿಂತದ್ದು

ಐವತ್ತು ವರ್ಷದ ಲೆಕ್ಕ ಬರೆಯುವಾಗ ನಿಂತುಹೋದದ್ದನ್ನೂ ಬರೆಯಬೇಕು. ಪುರದ ಎಂಜಿನ್ ಹಲವು ವರ್ಷ ನಡೆದು ನಿಂತಿತು. ಹೊಸಹಳ್ಳಿಯ ಗ್ಯಾಸಿಫೈಯರ್ ಒಂದೂವರೆ ದಶಕದಷ್ಟು ಕಾಲ ಊರಿಗೆ ಬೆಳಕು ಕೊಟ್ಟು ಮುಗಿಯಿತು. ಗ್ರಿಡ್ಡಿನ ಕರೆಂಟು ಅಗ್ಗವಾಗಿ ಹಳ್ಳಿ ತಲುಪಿದಾಗ, ದನಗಳ ಸಂಖ್ಯೆ ಕುಗ್ಗಿದಾಗ, ಊರಿನ ಹುಡುಗರು ಪೇಟೆಗೆ ಹೊರಟಾಗ ಇಂಥ ಸ್ಥಾವರಗಳನ್ನು ನಡೆಸಿಕೊಂಡು ಹೋಗುವುದು ಕಷ್ಟವಾಯಿತು. ಅಡುಗೆ ಅನಿಲದ ಸಿಲಿಂಡರು ಬಂದ ಮನೆಗಳಲ್ಲಿ ಒಲೆ ಹಿತ್ತಿಲಿಗೆ ಸರಿಯಿತು. ಅಡುಗೆಯವರ ಕಣ್ಣಿಗೆ ಹೊಗೆ ತಪ್ಪಿದ್ದು ಯಾವ ದಾರಿಯಿಂದಾದರೂ ಒಳ್ಳೆಯದೇ.

ಗಮನಿಸಬೇಕಾದದ್ದು ಇನ್ನೊಂದಿದೆ. ಸ್ಥಳೀಯರ ಕೈಗೆ ಅಳತೆ ಎಲ್ಲೆಲ್ಲಿ ದಾಟಿತೋ ಅಲ್ಲಲ್ಲಿ ಕೆಲಸ ಬಾಳಿತು. ಗಾರೆ ಕೆಲಸದವರು ಕಲಿತ ಒಲೆ ಲಕ್ಷಾಂತರ ಮನೆ ಸೇರಿತು. ಮೇಸ್ತ್ರಿಗಳು ಕಲಿತ ಮಣ್ಣಿನ ಇಟ್ಟಿಗೆಯಲ್ಲಿ ಇಂದಿಗೂ ಮನೆಗಳು ಏಳುತ್ತಿವೆ. ಪುರದ ಸ್ಥಾವರ ನಡೆದದ್ದು ಊರಿನ ಸಭೆಯ ಕೈಯಲ್ಲಿ ತಕ್ಕಡಿ, ಲೆಕ್ಕದ ಪುಸ್ತಕ ಇದ್ದುದರಿಂದ. ದುರಸ್ತಿಗೂ ಬಿಡಿಭಾಗಕ್ಕೂ ಬೆಂಗಳೂರಿನ ದಾರಿ ಕಾಯಬೇಕಾದ ತಂತ್ರಜ್ಞಾನ ಎಷ್ಟೇ ಜಾಣ್ಮೆಯದಾದರೂ ಅದರ ಆಯುಸ್ಸು ಕಡಿಮೆ.

ಇಂದು ಅದೇ ಗ್ಯಾಸಿಫೈಯರಿನ ಪರಂಪರೆಯಲ್ಲಿ ದಾಸಪ್ಪ ಅವರ ತಂಡ ಕಟ್ಟಿಗೆಯಂಥ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ, ಒಂದು ಕಿಲೋದಿಂದ 100 ಗ್ರಾಮಿನಷ್ಟು ಹೈಡ್ರೋಜನ್ ತೆಗೆದಿದೆ. ಆ ಒಂದು ಕಿಲೋದಲ್ಲಿ ಅಡಗಿರುವುದು 60 ಗ್ರಾಮ್ ಮಾತ್ರ. ಉಳಿದದ್ದು ಹಬೆಯ ನೀರಿನಿಂದ ಬರುತ್ತದೆ. ಹೊಸಹಳ್ಳಿಯಲ್ಲಿ ಕಲಿತ ಬೆಂಕಿಯ ವಿದ್ಯೆ ಇಷ್ಟು ದೂರ ಬಂದಿದೆ. ಈ ಹೈಡ್ರೋಜನ್ನಿಗೂ ಪುರದಲ್ಲಿ ಕೇಳಿದ ಪ್ರಶ್ನೆಗಳನ್ನೇ ಕೇಳಬೇಕು: ಇದು ಯಾತಕ್ಕೆ, ಯಾರಿಗೆ, ನಡೆಸುವವರು ಯಾರು?

2024ರ ಬೇಸಿಗೆಯಲ್ಲಿ, ‘ಅಸ್ತ್ರ’ಕ್ಕೆ ಐವತ್ತು ತುಂಬುವ ವರ್ಷದಲ್ಲೇ, ಬೆಂಗಳೂರಿನ ಎಷ್ಟೋ ಕೊಳವೆ ಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದರು. ಸೌದೆಯ ಹೊರೆಗೆ ಬದಲಾಗಿ ಕೈಯಲ್ಲಿ ಬಿಂದಿಗೆ. ಕಾಯುವ ಹೊತ್ತು ಮತ್ತೆ ಹೆಚ್ಚಾಗಿ ಹೆಂಗಸರದೇ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬ ಅಳತೆ ಅವನ ಕೈಯಲ್ಲಿತ್ತು, ಊರು ಅದನ್ನು ಒಪ್ಪಿತ್ತು. ಇಂದು ಸಂಸ್ಥೆಯ ಆಶ್ರಯದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೆರೆ ಸಮ್ಮೇಳನಗಳಲ್ಲಿ ಶಾಲೆಯ ಮಕ್ಕಳೂ ವೇದಿಕೆಗೆ ಬರುತ್ತಾರೆ. ತಮ್ಮೂರಿನ ಕೆರೆಯ ನೀರನ್ನು ಬಾಟಲಿಯಲ್ಲಿ ಹಿಡಿದು, ಪರೀಕ್ಷಿಸಿ, ಹಕ್ಕಿ ಎಣಿಸಿ, ತಾವೇ ಬರೆದ ಅಂಕಿಗಳನ್ನು ದೊಡ್ಡವರ ಮುಂದೆ ಓದುತ್ತಾರೆ. 1977ರಲ್ಲಿ ಪುರದವರು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಈ ಮಕ್ಕಳು ಪ್ರಶ್ನೆಯನ್ನೂ ತಾವೇ ಕೇಳುತ್ತಿದ್ದಾರೆ, ಅಳತೆಯನ್ನೂ ತಾವೇ ಹಿಡಿದಿದ್ದಾರೆ. ಮುಂದಿನ ಐವತ್ತು ವರ್ಷಕ್ಕೆ ಈ ಕೇಂದ್ರ ಮಾಡಬೇಕಾದ ಕೆಲಸ, ಬೆಂಗಳೂರಿನ ಒಂದೊಂದು ಕೆರೆಗೂ ಅಂಥ ನೀರಗಂಟಿಗಳನ್ನು ತಯಾರು ಮಾಡುವುದು.